ಹಾರೆ, ಹಲಗೆ, ರಾಟೆ, ಜಾಕ್: ಭಾರ ಎತ್ತಲು ಯಾವುದನ್ನು ಹಿಡಿಯಬೇಕು?

ಚಿಕ್ಕಬಳ್ಳಾಪುರ, ಕೋಲಾರದ ಕಡೆ ಮನೆ ಕಟ್ಟಿದವರಿಗೂ ತೋಟ ಮಾಡಿದವರಿಗೂ ಕಲ್ಲಿನ ಸಹವಾಸ ತಪ್ಪಿದ್ದಲ್ಲ. ದ್ರಾಕ್ಷಿ ಚಪ್ಪರಕ್ಕೆ ಕಲ್ಲು ಕಂಬ, ಬೇಲಿಗೆ ಕಲ್ಲು ಕೂಚ, ಚರಂಡಿ ಮೇಲೆ ಚಪ್ಪಡಿ, ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು. ಇವುಗಳ ತೂಕ ಕಣ್ಣಳತೆಗೆ ಸಿಗುವುದಿಲ್ಲ. ಗ್ರಾನೈಟ್ ಒಂದು ಘನ ಅಡಿಗೆ ಸುಮಾರು 75 ಕೆಜಿ ತೂಗುತ್ತದೆ. ಆರಡಿ ಉದ್ದ, ಎರಡಡಿ ಅಗಲ, ಮೂರಿಂಚು ದಪ್ಪದ ಚಪ್ಪಡಿ ಅಂದರೆ ಮೂರು ಘನ ಅಡಿ, ಹತ್ತಿರ ಹತ್ತಿರ 225 ಕೆಜಿ. ಎಂಟಡಿ ಉದ್ದ, ಆರಿಂಚು ಚೌಕದ ಕಂಬ 150 ಕೆಜಿ. ನಾಲ್ಕು ಜನ ಸೇರಿ ‘ಐಸಾ’ ಅಂದರೆ ಕೆಲಸ ಆಗಬಹುದು. ಆದರೆ ಈಗ ಆ ನಾಲ್ಕು ಜನ ಸಿಗುವುದೇ ಕಷ್ಟ, ಸಿಕ್ಕರೂ ಯಾರದ್ದಾದರೂ ಸೊಂಟ ಹಿಡಿದುಕೊಳ್ಳುತ್ತದೆ.

ಹಾಗಾಗಿ ಏನಾದರೂ ಒಂದು ಸಾಧನ ಬೇಕು. ಹಾರೆ ಇದೆ, ಹಲಗೆ ಇದೆ, ಹಗ್ಗ ರಾಟೆ ಇದೆ, ಬಾಡಿಗೆಗೆ ಚೈನ್ ಪುಲ್ಲಿ ಸಿಗುತ್ತದೆ, ಟ್ರ್ಯಾಕ್ಟರ್ ಜೊತೆ ಜಾಕ್ ಇರುತ್ತದೆ. ಯಾವುದನ್ನು ಆರಿಸಬೇಕು?

ಇದನ್ನು ಕೇಳುವವರು ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: ‘ಇದು ಎಷ್ಟು ಪಟ್ಟು ಬಲ ಜಾಸ್ತಿ ಮಾಡುತ್ತದೆ?’ ನನ್ನನ್ನು ಕೇಳಿದರೆ ಈ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಳ್ಳಿ. ಮೊದಲು ಮೂರು ವಿಷಯ ಗೊತ್ತಾಗಬೇಕು. ಭಾರ ಎಷ್ಟು ದೂರ ಹೋಗಬೇಕು, ಎರಡಿಂಚೋ, ಮೂರಡಿಯೋ, ಒಂದು ಮಹಡಿಯೋ? ಮಧ್ಯದಲ್ಲಿ ಕೈ ಬಿಟ್ಟರೆ ಭಾರ ಅಲ್ಲೇ ನಿಲ್ಲುತ್ತದಾ, ವಾಪಸ್ ಬರುತ್ತದಾ? ಸಾಧನ ಯಾವುದರ ಮೇಲೆ ಊರುತ್ತದೆ, ನೆಲವೋ, ಗೋಡೆಯೋ, ತೊಲೆಯೋ, ಅದು ತಡೆಯುತ್ತದಾ? ಈ ಮೂರಕ್ಕೆ ಉತ್ತರ ಸಿಕ್ಕರೆ ಆಯ್ಕೆ ಮುಕ್ಕಾಲು ಪಾಲು ಮುಗಿದಂತೆ.

ಪಟ್ಟಿನ ಲೆಕ್ಕ

ಶಾಲೆಯಲ್ಲಿ ಆರು ಸರಳ ಯಂತ್ರಗಳ ಪಟ್ಟಿ ಬಾಯಿಪಾಠ ಮಾಡಿಸಿರುತ್ತಾರೆ: ಸನ್ನೆ (ಹಾರೆ ಇದರದ್ದೇ ಒಂದು ರೂಪ), ಚಕ್ರ ಮತ್ತು ಅಚ್ಚು, ರಾಟೆ, ಇಳಿಜಾರು, ಬೆಣೆ, ತಿರುಪು. ನಾವು ಹಾಕುವ ಬಲಕ್ಕಿಂತ ಎಷ್ಟು ಪಟ್ಟು ಭಾರ ಎತ್ತಬಹುದು ಅನ್ನುವುದಕ್ಕೆ ಯಾಂತ್ರಿಕ ಲಾಭ ಅಂತ ಹೆಸರು. 20 ಕೆಜಿ ಒತ್ತಿ 100 ಕೆಜಿ ಎತ್ತಿದರೆ ಲಾಭ 5.

ಈ ಲಾಭ ಪುಕ್ಕಟೆ ಬರುವುದಿಲ್ಲ. ಬಲ ಐದರಲ್ಲಿ ಒಂದು ಪಾಲಾದರೆ ದೂರ ಐದು ಪಟ್ಟಾಗುತ್ತದೆ. ಬಲವನ್ನು ದೂರದಿಂದ ಗುಣಿಸಿದರೆ ಬರುವ ಕೆಲಸ ಎರಡು ಕಡೆಯೂ ಒಂದೇ. ಯಂತ್ರ ಶಕ್ತಿಯನ್ನು ಹುಟ್ಟಿಸುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೇ ಅಂತ ಗೆಲಿಲಿಯೊ 1600ರ ಸುಮಾರಿಗೇ ಲೆಕ್ಕ ಹಾಕಿ ತೋರಿಸಿದ್ದ. ನಂದಿ ಬೆಟ್ಟಕ್ಕೆ ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲಲ್ಲಿ ಹತ್ತಿದವರಿಗೂ, ಸುತ್ತಿ ಬಳಸಿ ಹೋಗುವ ಗಾಡಿ ರಸ್ತೆಯಲ್ಲಿ ನಡೆದವರಿಗೂ ಏರಿದ ಎತ್ತರ ಒಂದೇ ಅಲ್ವಾ? ಒಬ್ಬರಿಗೆ ಹೆಜ್ಜೆ ಹೆಜ್ಜೆಗೂ ಏದುಸಿರು, ಇನ್ನೊಬ್ಬರಿಗೆ ದಾರಿ ಉದ್ದ.

ಇದರ ಮೇಲೆ ತಿಕ್ಕಾಟದ ಪಾಲು ಬೇರೆ ಇರುತ್ತದೆ. ಪುಸ್ತಕದಲ್ಲಿ ಬರುವ ಲಾಭ ಒಂದು, ಕೈಗೆ ಸಿಗುವ ಲಾಭ ಇನ್ನೊಂದು. ಕೆಲವು ಸಾಧನಗಳಲ್ಲಿ ಈ ಅಂತರ ಚಿಕ್ಕದು, ಕೆಲವದರಲ್ಲಿ ಪುಸ್ತಕದ ಲೆಕ್ಕ ಸುಮ್ನೆ ಹೆಸರಿಗೆ ಮಾತ್ರ. ಹೋಲಿಸುವಾಗ ನೋಡಬೇಕಾದ್ದು ಇದನ್ನೇ. ಜೊತೆಗೆ ತಿಕ್ಕಾಟವನ್ನು ಬರೀ ಶತ್ರು ಅಂತ ನೋಡಬೇಡಿ. ಕೈ ಬಿಟ್ಟಾಗ ಭಾರವನ್ನು ಹಿಡಿದು ನಿಲ್ಲಿಸುವುದೂ ಅದೇ.

ಹಾರೆ: ಎರಡಿಂಚಿನ ಕೆಲಸಕ್ಕೆ ಇದನ್ನು ಮೀರಿಸಿದ್ದಿಲ್ಲ

ಐದಡಿ ಹಾರೆ ಅಂದರೆ 60 ಇಂಚು. ತುದಿಯಿಂದ ಮೂರಿಂಚಿಗೆ ಒತ್ತುಕಲ್ಲು, ಅಂದರೆ ಹಾರೆಗೆ ಆನಿಕೆಯಾಗುವ ಕಲ್ಲು, ಇಟ್ಟರೆ ನಿಮ್ಮ ಕಡೆ 57 ಇಂಚು ಉಳಿಯುತ್ತದೆ. 57ನ್ನು 3ರಿಂದ ಭಾಗಿಸಿದರೆ 19 ಪಟ್ಟು. 225 ಕೆಜಿ ಚಪ್ಪಡಿಯ ಒಂದು ತುದಿ ಎತ್ತಲು ಬೇಕಾದ್ದು ಅದರ ಅರ್ಧ, ಸುಮಾರು 112 ಕೆಜಿ. ಹಾರೆಯ ತುದಿಯಲ್ಲಿ ಆರು ಕೆಜಿ ಒತ್ತಿದರೆ ಸಾಕು. ಮಕ್ಕಳೂ ಮಾಡಬಹುದು.

ಇಲ್ಲೇ ಆಸೆ ಬೀಳಬಾರದು. ಕೈ ಮೂರಡಿ ಕೆಳಗೆ ಹೋದರೂ ಕಲ್ಲು ಎರಡಿಂಚು ಕೂಡ ಏಳುವುದಿಲ್ಲ. ಅದೇ ಒತ್ತುಕಲ್ಲನ್ನು ತುದಿಯಿಂದ ಆರಿಂಚಿಗೆ ಸರಿಸಿ ನೋಡಿ. ಲಾಭ 9 ಪಟ್ಟಿಗೆ ಇಳಿಯುತ್ತದೆ, ಕೈಗೆ ಹನ್ನೆರಡು ಹದಿಮೂರು ಕೆಜಿ ಬೀಳುತ್ತದೆ. ಅದೇನು ಮಹಾ ಭಾರ ಅಲ್ಲ. ಆದರೆ ಕಲ್ಲು ನಾಲ್ಕಿಂಚು ಏಳುತ್ತದೆ, ಒಂದೇ ಸಲಕ್ಕೆ ಕೆಳಗೆ ಇಟ್ಟಿಗೆ ತುಂಡು ತೂರಿಸಬಹುದು. ನಿಮ್ಮ ಕೈಗೆ ಸುಲಭ ಅನಿಸುವಷ್ಟು ಲಾಭ ಸಿಕ್ಕಿದ ಮೇಲೆ ಉಳಿದದ್ದನ್ನು ಎತ್ತರಕ್ಕೆ ಖರ್ಚು ಮಾಡಿ.

ಹಾರೆಯಲ್ಲಿ ತಿಕ್ಕಾಟ ತೀರಾ ಕಡಿಮೆ. ಪುಸ್ತಕದ ಲೆಕ್ಕ ಹೆಚ್ಚುಕಡಿಮೆ ಹಾಗೇ ಕೈಗೆ ಸಿಗುತ್ತದೆ. ಆ ಕಾರಣಕ್ಕೇ ಕೈ ಬಿಟ್ಟ ಕ್ಷಣ ಕಲ್ಲು ಕೆಳಗೆ, ಹಾರೆ ಮೇಲೆ. ಗದ್ದಕ್ಕೆ ಬಡಿಯುವುದು ಹೀಗೇ. ಒಬ್ಬರು ಹಾರೆ ಒತ್ತಬೇಕು, ಇನ್ನೊಬ್ಬರು ಪಕ್ಕದಿಂದ ಮರದ ತುಂಡು ತಳ್ಳಬೇಕು, ಬೆರಳು ಕಲ್ಲಿನ ಕೆಳಗೆ ಹೋಗಬಾರದು. ಒತ್ತುಕಲ್ಲಿನ ಮೇಲೆ ಕಲ್ಲಿನ ಭಾರವೂ ನಿಮ್ಮ ಒತ್ತಡವೂ ಎರಡೂ ಬೀಳುತ್ತವೆ. ಇಟ್ಟಿಗೆ ಇಟ್ಟರೆ ಪುಡಿಯಾಗುತ್ತದೆ. ಮಳೆ ಬಂದು ನೆಂದ ಕೆಮ್ಮಣ್ಣಿನಲ್ಲಿ ಗಟ್ಟಿ ಕಲ್ಲಾದರೂ ಹೂತುಹೋಗುತ್ತದೆ. ಕೆಳಗೊಂದು ಅಗಲ ಹಲಗೆ ಹಾಕಿ.

ಕಂಬ ನೆಡುವಾಗ ಇನ್ನೊಂದು ಉಪಾಯ ಇದೆ, ಹಾರೆಯೂ ಬೇಡ. ಕಂಬವೇ ಸನ್ನೆ. 150 ಕೆಜಿ ಕಂಬವನ್ನು ನೆಲದ ಮೇಲೆ ಮಲಗಿಸಿ ಒಂದು ತುದಿ ಎತ್ತಿದರೆ ಕೈಗೆ 75 ಕೆಜಿ. ಎತ್ತುವ ಮುಂಚೆ ಅದರ ಬುಡವನ್ನು ಗುಂಡಿಯ ಅಂಚಿನಿಂದ ಎರಡಡಿ ಮುಂದಕ್ಕೆ ಚಾಚಿ. ಈಗ ಗುಂಡಿಯ ಅಂಚೇ ಆನಿಕೆ. ಕಂಬದ ನಡುಭಾಗ ಅಂಚಿನಿಂದ ಎರಡಡಿ ದೂರ, ನಿಮ್ಮ ಕೈ ಆರಡಿ ದೂರ. 75ರ ಜಾಗದಲ್ಲಿ 50 ಕೆಜಿ ಎತ್ತಿದರೆ ಆಯಿತು. ಗುಂಡಿಯ ಆ ಬದಿಯನ್ನು ಇಳಿಜಾರಾಗಿ ಕೆತ್ತಿದ್ದರೆ ಬುಡ ತಾನಾಗೇ ಜಾರಿ ಕೂರುತ್ತದೆ. ಅಂಚು ಕುಸಿಯದಂತೆ ಅಲ್ಲೊಂದು ಮರದ ತುಂಡು ಇಟ್ಟರೆ ಸರಿ. ಸಾಲಾಗಿ ಕೂಚ ನೆಡುವವರು ಕಣ್ಣಂದಾಜಿನಲ್ಲೇ ಮಾಡುವ ಕೆಲಸ ಇದು. ಅವರ ಮುಂದೆ ನಿಂತು ಲೆಕ್ಕ ಹೇಳಿದರೆ ನಗುತ್ತಾರೆ.

ಹಲಗೆ: ಉರುಳುವುದಕ್ಕೆ ಬಂಗಾರ, ಜಾರುವುದಕ್ಕೆ ಮೋಸ

ಟ್ರ್ಯಾಕ್ಟರ್ ಟ್ರೈಲರ್‌ಗೆ ಏನಾದರೂ ಏರಿಸಬೇಕು ಅಂದರೆ ಎಲ್ಲರಿಗೂ ಮೊದಲು ಹೊಳೆಯುವುದು ಹಲಗೆ. ಲೆಕ್ಕ ಸುಲಭ: ಹಲಗೆಯ ಉದ್ದವನ್ನು ಎತ್ತರದಿಂದ ಭಾಗಿಸಿ. ಟ್ರೈಲರ್ ಮೂರಡಿ ಎತ್ತರ, ಹಲಗೆ ಒಂಬತ್ತಡಿ ಇದ್ದರೆ ಮೂರು ಪಟ್ಟು.

ಡೀಸೆಲ್ ಡ್ರಮ್ ತೆಗೆದುಕೊಳ್ಳಿ. 200 ಲೀಟರ್ ಡೀಸೆಲ್ ಮತ್ತು ಡ್ರಮ್ ಸೇರಿ ಸುಮಾರು 185 ಕೆಜಿ. ಒಂಬತ್ತಡಿ ಹಲಗೆ ಮೇಲೆ ಉರುಳಿಸಿದರೆ 62 ಕೆಜಿ ತಳ್ಳಬೇಕು. ಇಬ್ಬರಿದ್ದರೆ ಆಗುತ್ತದೆ. ಆದರೆ ಕೆಳಗಿನಿಂದ ತಳ್ಳುವುದು ಅಪಾಯ, ಡ್ರಮ್ ತಪ್ಪಿದರೆ ಎದೆ ಮೇಲೇ ಬರುತ್ತದೆ. ಇದಕ್ಕೆ ಹಗ್ಗ ಹಾಕಿ. ಹಗ್ಗದ ಒಂದು ತುದಿಯನ್ನು ಟ್ರೈಲರ್‌ಗೆ ಕಟ್ಟಿ, ಡ್ರಮ್ಮಿನ ಕೆಳಗಿನಿಂದ ಸುತ್ತಿಸಿ, ಇನ್ನೊಂದು ತುದಿಯನ್ನು ಮೇಲೆ ನಿಂತು ಎಳೆಯಿರಿ. ಡ್ರಮ್ಮೇ ಓಡಾಡುವ ರಾಟೆಯಾಗುತ್ತದೆ. ಹಲಗೆಯ ಮೂರು ಪಟ್ಟಿಗೆ ಇದರ ಎರಡು ಪಟ್ಟು ಗುಣಿಸಿ ಆರು ಪಟ್ಟು. 31 ಕೆಜಿ ಎಳೆದರೆ ಸಾಕು. ಒಂಬತ್ತಡಿ ಡ್ರಮ್ ಏರಲು ಹದಿನೆಂಟಡಿ ಹಗ್ಗ ಎಳೆಯುತ್ತೀರಿ. 31ನ್ನು 18ರಿಂದ, 185ನ್ನು 3ರಿಂದ ಗುಣಿಸಿ ನೋಡಿ, ಎರಡೂ ಹೆಚ್ಚುಕಡಿಮೆ ಒಂದೇ ಬರುತ್ತದೆ. ಎರಡು ಹಗ್ಗ, ಡ್ರಮ್ಮಿನ ಎರಡು ತುದಿಗೆ ಒಂದೊಂದು, ಇಬ್ಬರು ಸಮವಾಗಿ ಎಳೆದರೆ ಅದು ಓರೆಯಾಗುವುದಿಲ್ಲ. ಇಡೀ ಹೋಲಿಕೆಯಲ್ಲಿ ದುಡ್ಡಿಗೆ ತಕ್ಕ ಲಾಭ ಅಂತ ಕೇಳಿದರೆ ನಾನು ತೋರಿಸುವುದು ಇದನ್ನೇ. ಬೇಕಾದ್ದು ಹಗ್ಗ ಮತ್ತು ಹಲಗೆ ಮಾತ್ರ.

ಈಗ ಅದೇ ಹಲಗೆ ಮೇಲೆ ಚಪ್ಪಡಿ ಜಾರಿಸಿ ನೋಡಿ. ಕಲ್ಲಿಗೂ ಮರಕ್ಕೂ ಇರುವ ತಿಕ್ಕಾಟ ಒತ್ತುವ ಭಾರದ ಸುಮಾರು ಅರ್ಧದಷ್ಟು ಅಂತ ಇಟ್ಟುಕೊಂಡರೆ, ಒಂಬತ್ತಡಿ ಹಲಗೆಯಲ್ಲಿ 225 ಕೆಜಿ ಚಪ್ಪಡಿ ಎಳೆಯಲು 180 ಕೆಜಿ ಬಲ ಬೇಕು. ಮೂರು ಪಟ್ಟು ಅಂತ ಲೆಕ್ಕ ಹಾಕಿದ್ದು ಒಂದೂಕಾಲು ಪಟ್ಟಾಯಿತು. ಹಲಗೆ ಉದ್ದ ಮಾಡೋಣ ಅಂತ ಹನ್ನೆರಡಡಿ ತಂದರೆ 165. ಹದಿನೆಂಟಡಿ ತಂದರೂ 148. ಯಾಕೆ ಅಂದರೆ ಸಮತಟ್ಟು ನೆಲದಲ್ಲಿ ಎಳೆಯಲಿಕ್ಕೇ 112 ಕೆಜಿ ಬೇಕು. ಹಲಗೆ ಎಷ್ಟು ಉದ್ದ ಆದರೂ ಅದಕ್ಕಿಂತ ಕೆಳಗೆ ಬರುವುದಿಲ್ಲ. ಉದ್ದ ಹಲಗೆ ಹುಡುಕಿಕೊಂಡು ಊರೆಲ್ಲ ಅಲೆಯುವುದು ದಂಡ.

ಕಲ್ಲಿನ ಕೆಳಗೆ ಜಿಐ ಪೈಪ್ ತುಂಡು ಹಾಕಿ. ಹಳೇ ಬೋರ್‌ವೆಲ್ ಪೈಪ್ ನಮ್ಮ ಕಡೆ ಯಾರ ಮನೆಯಲ್ಲಿ ಇಲ್ಲ ಹೇಳಿ? ಪೈಪ್ ಮೇಲೆ ಉರುಳಿದಾಗ ತಿಕ್ಕಾಟ ನೂರಕ್ಕೆ ಮೂರರಷ್ಟು ಅಂದುಕೊಂಡರೂ ಹನ್ನೆರಡಡಿ ಹಲಗೆಯಲ್ಲಿ 63 ಕೆಜಿ ಎಳೆತ ಸಾಕು. 165 ಎಲ್ಲಿ, 63 ಎಲ್ಲಿ. ಹಿಂದಿನಿಂದ ಹೊರಬಂದ ಪೈಪನ್ನು ಎತ್ತಿ ಮುಂದೆ ಹಾಕುತ್ತಾ ಹೋಗಬೇಕು, ಅದಕ್ಕೆ ಒಬ್ಬ ಆಳು ಬೇಕು.

ಒಂದು ಎಚ್ಚರಿಕೆ. ಜಾರಿಸುವಾಗ ತಿಕ್ಕಾಟ ಜಾಸ್ತಿ ಇದ್ದುದರಿಂದ ಕಲ್ಲು ಒಂಬತ್ತಡಿ ಹಲಗೆಯ ಮಧ್ಯದಲ್ಲಿ ಬಿಟ್ಟರೂ ಅಲ್ಲೇ ನಿಲ್ಲುತ್ತಿತ್ತು. ಪೈಪ್ ಹಾಕಿದ ಮೇಲೆ ನಿಲ್ಲುವುದಿಲ್ಲ, ಸರ್ರನೆ ವಾಪಸ್ ಬರುತ್ತದೆ. ಹಿಂದೆ ಯಾರೂ ನಿಲ್ಲಬಾರದು, ಹೆಜ್ಜೆ ಹೆಜ್ಜೆಗೂ ಹಿಂದೆ ಅಡ್ಡಗಲ್ಲು ಕೊಡುತ್ತಾ ಹೋಗಬೇಕು, ಎಳೆಯುವ ಹಗ್ಗವನ್ನು ಟ್ರೈಲರ್ ಕಂಬಿಗೆ ಒಂದು ಸುತ್ತು ಹಾಕಿಕೊಂಡಿರಬೇಕು. ಹನ್ನೆರಡಡಿ ಹಲಗೆ ಇಷ್ಟು ಭಾರಕ್ಕೆ ಮಧ್ಯದಲ್ಲಿ ಬಾಗುತ್ತದೆ, ಅಲ್ಲೂ ಕೆಳಗೆ ಕಲ್ಲು ಪೇರಿಸಿ ಊರುಗೋಲು ಕೊಡಿ.

ರಾಟೆ: ಚಕ್ರ ಎಷ್ಟು ಬೇಕು?

ಬಾವಿ ಕಟ್ಟೆಯ ಮೇಲಿನ ಒಂಟಿ ರಾಟೆ ಬಲವನ್ನು ಒಂದಿಷ್ಟೂ ಹೆಚ್ಚಿಸುವುದಿಲ್ಲ. 15 ಕೆಜಿ ಬಿಂದಿಗೆಗೆ 15 ಕೆಜಿಯೇ ಎಳೆಯಬೇಕು, ತಿಕ್ಕಾಟಕ್ಕೆ ಇನ್ನೊಂದಿಷ್ಟು. ಆದರೂ ಅದು ಸುಲಭ ಅನಿಸುತ್ತದೆ, ಯಾಕೆಂದರೆ ಮೇಲಕ್ಕೆ ಎತ್ತುವ ಬದಲು ಕೆಳಕ್ಕೆ ಎಳೆಯುತ್ತೀರಿ, ಮೈಭಾರವೂ ಕೆಲಸ ಮಾಡುತ್ತದೆ. ಪಂಪ್‌ಸೆಟ್ ಬರುವ ಮುಂಚೆ ನಮ್ಮ ಕಡೆ ತೋಟಗಳಿಗೆ ನೀರು ಕೊಟ್ಟ ಕಪಿಲೆಯಲ್ಲೂ ಇದೇ ಗುಟ್ಟು. ಅಲ್ಲಿ ಎತ್ತುಗಳು ಇಳಿಜಾರು ದಾರಿಯಲ್ಲಿ ಕೆಳಕ್ಕೆ ನಡೆಯುತ್ತಾ ಚರ್ಮದ ಚೀಲವನ್ನು ಎಳೆಯುತ್ತಿದ್ದವು. ರಾಟೆ ದಿಕ್ಕು ಬದಲಿಸುತ್ತಿತ್ತು ಅಷ್ಟೇ. ಎತ್ತುಗಳ ಸ್ವಂತ ತೂಕದ ಒಂದು ಪಾಲು ಇಳಿಜಾರಿನಿಂದಾಗಿ ಎಳೆತಕ್ಕೆ ಸೇರುತ್ತಿತ್ತು. ಖಾಲಿ ಚೀಲ ಇಳಿಯುವಾಗ ಅವು ಏರು ಹತ್ತಬೇಕಿತ್ತು, ಆಗ ಭಾರ ಇರುತ್ತಿರಲಿಲ್ಲ. ಏತದಲ್ಲಿ ಮನುಷ್ಯ ಉದ್ದನೆ ಮರದ ಮೇಲೆ ಹಿಂದೆ ಮುಂದೆ ನಡೆದು ತನ್ನ ತೂಕವನ್ನೇ ಸನ್ನೆಗೆ ಕೊಡುತ್ತಿದ್ದ. ಬಲ ಹೆಚ್ಚಿಸುವುದಕ್ಕಿಂತ ಇರುವ ತೂಕವನ್ನು ಸರಿಯಾದ ಕಡೆ ಬೀಳಿಸುವುದು ಎಷ್ಟೋ ಸಲ ಜಾಣತನ.

ಬಲ ನಿಜವಾಗಿ ಹೆಚ್ಚಬೇಕು ಅಂದರೆ ಭಾರದ ಜೊತೆ ಏರುವ ಇನ್ನೊಂದು ರಾಟೆ ಬೇಕು. ಭಾರವನ್ನು ಹೊತ್ತ ಹಗ್ಗದ ಎಳೆಗಳನ್ನು ಎಣಿಸಿ, ಅದೇ ಪಟ್ಟು. ಮನೆ ಕೆಲಸದಲ್ಲಿ 50 ಕೆಜಿ ಸಿಮೆಂಟ್ ಮೂಟೆಯನ್ನು ಹನ್ನೆರಡಡಿ ಮೇಲಕ್ಕೆ ಎತ್ತಬೇಕು ಅನ್ನಿ. ಪ್ರತಿ ಚಕ್ರದಲ್ಲೂ ನೂರಕ್ಕೆ ಹತ್ತು ಪಾಲು ತಿಕ್ಕಾಟಕ್ಕೆ ಹೋಗುತ್ತದೆ ಅಂದುಕೊಂಡರೆ, ಒಂಟಿ ರಾಟೆಯಲ್ಲಿ 56 ಕೆಜಿ ಎಳೆಯಬೇಕು. ಎರಡು ಚಕ್ರ ಹಾಕಿದರೆ 29. ನಾಲ್ಕು ಚಕ್ರಕ್ಕೆ 16. ಆರು ಚಕ್ರಕ್ಕೆ 12. ನೋಡಿ, ನಾಲ್ಕರಿಂದ ಆರಕ್ಕೆ ಹೋದಾಗ ಉಳಿದದ್ದು ನಾಲ್ಕೇ ಕೆಜಿ. ಹಗ್ಗ ಮಾತ್ರ 48 ಅಡಿ ಎಳೆಯುವ ಕಡೆ 72 ಅಡಿ ಎಳೆಯಬೇಕು. ಇಷ್ಟು ತಿಕ್ಕಾಟ ಇರುವ ರಾಟೆಗಳಲ್ಲಿ ನೂರು ಚಕ್ರ ಹಾಕಿದರೂ ಲಾಭ ಒಂಬತ್ತು ಪಟ್ಟು ದಾಟುವುದಿಲ್ಲ. ಮನೆ ಕೆಲಸಕ್ಕೆ ಎರಡು ಚಕ್ರ ಸಾಕು, ಒಬ್ಬರೇ ಇದ್ದರೆ ನಾಲ್ಕು. ಅದಕ್ಕಿಂತ ಜಾಸ್ತಿ ಬೇಕು ಅನಿಸಿದರೆ ಬೇರೆ ಸಾಧನಕ್ಕೆ ಹೋಗಿ.

ತೊಲೆಯ ವಿಚಾರವನ್ನು ಬಹಳ ಜನ ಮರೆಯುತ್ತಾರೆ. ಒಂಟಿ ರಾಟೆಯಲ್ಲಿ 50 ಕೆಜಿ ಮೂಟೆ ಎತ್ತುವಾಗ ತೊಲೆ ಹೊರುವುದು 50 ಅಲ್ಲ, ಮೂಟೆಯ 50ಕ್ಕೆ ನಿಮ್ಮ ಎಳೆತದ 56 ಸೇರಿ 106 ಕೆಜಿ. ಎರಡು ಚಕ್ರದಲ್ಲಿ ಅದು 79ಕ್ಕೆ ಇಳಿಯುತ್ತದೆ, ನಾಲ್ಕರಲ್ಲಿ 66ಕ್ಕೆ. ಮೂಟೆ ಸಿಕ್ಕಿಹಾಕಿಕೊಂಡು ಜರ್ಕ್ ಕೊಟ್ಟರೆ ಇನ್ನೂ ಏರುತ್ತದೆ. ಸೆಂಟ್ರಿಂಗ್ ಗಳುವಿಗೆ ರಾಟೆ ಕಟ್ಟುವ ಮುಂಚೆ ಇದನ್ನು ಯೋಚಿಸಿ.

ರಾಟೆಯ ದೊಡ್ಡ ಕೊರತೆ ಅಂದರೆ ಕೈ ಬಿಟ್ಟರೆ ಭಾರ ಧೊಪ್ಪನೆ ಬೀಳುತ್ತದೆ. ಮಧ್ಯದಲ್ಲಿ ನಿಲ್ಲಿಸಿ ಯೋಚಿಸುವ ಕೆಲಸಕ್ಕೆ ಇದು ಬೇಡ. ಎತ್ತಿದ ತಕ್ಷಣ ಇಳಿಸಿಕೊಳ್ಳುವ ಕೆಲಸಕ್ಕೆ, ಹತ್ತಾರು ಸಲ ಅದೇ ಕೆಲಸ ಮಾಡುವಾಗ, ಇದೇ ಬೇಗ.

ಚೈನ್ ಪುಲ್ಲಿ ಮತ್ತು ಜಾಕ್

ಕೈ ಬಿಟ್ಟರೂ ಭಾರ ನಿಲ್ಲಬೇಕು ಅನ್ನುವವರು ಈ ಎರಡರ ಮಧ್ಯೆ ಆರಿಸಬೇಕು. ವ್ಯತ್ಯಾಸ ಚಿಕ್ಕದು: ಚೈನ್ ಪುಲ್ಲಿ ಮೇಲಿನಿಂದ ಎಳೆಯುತ್ತದೆ, ಜಾಕ್ ಕೆಳಗಿನಿಂದ ತಳ್ಳುತ್ತದೆ. ಮೇಲೆ ಗಟ್ಟಿಯಾಗಿ ನೇತುಹಾಕಲು ಜಾಗ ಇದ್ದರೆ ಮೊದಲನೆಯದು, ಕೆಳಗೆ ತೂರಿಸಲು ಸಂದು ಇದ್ದರೆ ಎರಡನೆಯದು.

ತಿರುಪಿನ ಜಾಕ್ ನೋಡೋಣ. ಹಿಡಿ ಒಂದೂವರೆ ಅಡಿ, ಅಂದರೆ 450 ಮಿಲಿಮೀಟರ್. ತಿರುಪಿನ ಎಳೆಯಿಂದ ಎಳೆಗೆ 6 ಮಿಲಿಮೀಟರ್. ಹಿಡಿ ಒಂದು ಸುತ್ತು ಸುತ್ತಿದರೆ ನಿಮ್ಮ ಕೈ ಸುಮಾರು 2,830 ಮಿಲಿಮೀಟರ್ ಓಡುತ್ತದೆ, ಭಾರ ಏರುವುದು 6. ಪುಸ್ತಕದ ಲಾಭ 470ಕ್ಕೂ ಮೇಲೆ! ಆದರೆ ತಾನಾಗೇ ಇಳಿಯದೆ ನಿಲ್ಲುವ ತಿರುಪಿನಲ್ಲಿ, ನೀವು ಮಾಡಿದ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ತಿಕ್ಕಾಟಕ್ಕೆ ಹೋಗಲೇಬೇಕು. ಅರ್ಧಕ್ಕಿಂತ ಕಡಿಮೆ ಹೋದರೆ ಅದು ನಿಲ್ಲುವುದಿಲ್ಲ. ನೂರಕ್ಕೆ 30 ಪಾಲು ಕೈಗೆ ಸಿಕ್ಕಿತು ಅಂದರೂ ಲಾಭ 140ರ ಹತ್ತಿರ. ಒಂದು ಟನ್ ಎತ್ತಲು ಏಳೆಂಟು ಕೆಜಿ ಸಾಕು. ಕಳೆದುಕೊಂಡ 70 ಪಾಲನ್ನು ನಷ್ಟ ಅಂತ ಬರೆಯಬೇಡಿ. ಭಾರ ಬೀಳದೆ ನಿಂತಿರುವುದಕ್ಕೆ ಕೊಟ್ಟ ಬೆಲೆ ಅದು.

ಬಾಟಲ್ ಜಾಕ್, ಅಂದರೆ ಹೈಡ್ರಾಲಿಕ್ ಜಾಕ್, ಆರು ಸರಳ ಯಂತ್ರಗಳ ಪಟ್ಟಿಯಲ್ಲಿ ಇಲ್ಲದಿದ್ದರೂ ಕೆಲಸ ಅದೇ. ಚಿಕ್ಕ ಪಿಸ್ಟನ್ ಎಣ್ಣೆಯನ್ನು ದೊಡ್ಡ ಪಿಸ್ಟನ್ ಕೆಳಗೆ ತಳ್ಳುತ್ತದೆ. ವ್ಯಾಸ 10 ಮತ್ತು 40 ಮಿಲಿಮೀಟರ್ ಇದ್ದರೆ ಬಲ 16 ಪಟ್ಟು. ಹಿಡಿಯ ಸನ್ನೆ 20 ಪಟ್ಟು ಇದ್ದರೆ ಒಟ್ಟು 320. ತಿಕ್ಕಾಟ ಕಡಿಮೆ, ಹಾಗಾಗಿ ತಿರುಪಿನ ಜಾಕ್‌ಗಿಂತ ಸಲೀಸು. ಆದರೆ ಇದರಲ್ಲಿ ಭಾರವನ್ನು ಹಿಡಿದಿರುವುದು ಒಂದು ವಾಲ್ವ್, ಒಂದು ರಬ್ಬರ್ ಸೀಲ್. ಸೀಲ್ ಸವೆದರೆ ಗೊತ್ತಾಗದಂತೆ ಇಳಿಯುತ್ತದೆ. ಎತ್ತುವುದಕ್ಕೆ ಹೈಡ್ರಾಲಿಕ್, ಹೊತ್ತು ನಿಲ್ಲುವುದಕ್ಕೆ ಮರದ ದಿಮ್ಮಿ ಅಥವಾ ಸ್ಟ್ಯಾಂಡ್. ಬರೀ ಜಾಕ್ ನಂಬಿಕೊಂಡು ಟ್ರ್ಯಾಕ್ಟರ್ ಕೆಳಗೆ ಮಲಗಬೇಡಿ, ಎಷ್ಟೇ ಹೊಸದಾಗಿರಲಿ.

ಚೈನ್ ಪುಲ್ಲಿಯಲ್ಲಿ ಒಳಗೆ ಗೇರ್, ಜೊತೆಗೆ ಬ್ರೇಕ್. ಕೈಚೈನ್ ಬಿಟ್ಟರೆ ಭಾರ ಅಲ್ಲೇ ನೇತಾಡುತ್ತದೆ. ಅರ್ಧ ಇಂಚು, ಕಾಲು ಇಂಚು ಇಳಿಸಿ ಸರಿಯಾಗಿ ಕೂರಿಸಬಹುದು. ವಿಗ್ರಹ ಕೆತ್ತುವವರ ಊರಾದ ಶಿವಾರಪಟ್ಟಣದಿಂದ ಗುಡಿಗೆ ಕಲ್ಲಿನ ವಿಗ್ರಹ ತರಿಸಿದವರು ಪೀಠದ ಮೇಲೆ ಇಳಿಸುವಾಗ ಇದನ್ನೇ ಬಳಸಲಿ ಅಂತ ನಾನು ಹೇಳುತ್ತೇನೆ. ಹಾರೆ ತಾಗಿಸಿದರೆ ಅಂಚು ಒಡೆಯುತ್ತದೆ, ಹಗ್ಗ ರಾಟೆಯಲ್ಲಿ ಒಂದು ಕೈ ಜಾರಿದರೆ ಮುಗಿಯಿತು. ಕಬ್ಬಿಣದ ಚೈನನ್ನು ನೇರವಾಗಿ ವಿಗ್ರಹಕ್ಕೆ ಸುತ್ತಬೇಡಿ, ಅಗಲವಾದ ಬಟ್ಟೆ ಬೆಲ್ಟ್ ಹಾಕಿ.

ಹಾಗಾದರೆ ಬೋರ್‌ವೆಲ್ ಮೋಟಾರ್ ಎತ್ತಲೂ ಚೈನ್ ಪುಲ್ಲಿ ಸಾಕಲ್ವಾ? ಮೂರು ಕಾಲಿನ ಸ್ಟ್ಯಾಂಡ್ ನಿಲ್ಲಿಸಿ ಹೀಗೆ ಎತ್ತುತ್ತಿದ್ದ ಕಾಲ ಇತ್ತು. ಬೋರ್ ಆಳ ಕಡಿಮೆ ಇದ್ದಾಗ ಅದು ಸರಿ. ಈಗ ನಮ್ಮ ಜಿಲ್ಲೆಗಳಲ್ಲಿ ಸಾವಿರ ಅಡಿ ದಾಟುವುದು ಮಾಮೂಲು. ಎರಡಿಂಚಿನ ಜಿಐ ಪೈಪ್ ಮೀಟರಿಗೆ ಸುಮಾರು 5 ಕೆಜಿ. ಸಾವಿರ ಅಡಿಗೆ ಪೈಪೇ ಒಂದೂವರೆ ಟನ್. ಒಳಗೆ ನಿಂತ ನೀರು ಇನ್ನೊಂದು ಆರುನೂರು ಕೆಜಿ. ಮೇಲೆ ಮೋಟಾರ್, ಪಂಪ್, ಕೇಬಲ್. ಎರಡು ಟನ್ ಮೀರಿತು.

ಎತ್ತುವ ಬಲ ಚೈನ್ ಪುಲ್ಲಿಗೆ ಇದೆ, ದೂರದ ಲೆಕ್ಕದಲ್ಲಿ ಸೋಲುತ್ತದೆ. 40 ಕೆಜಿ ಎಳೆತದಲ್ಲಿ 2,000 ಕೆಜಿ ಎತ್ತಬೇಕಾದರೆ ನಷ್ಟವೇ ಇಲ್ಲದಿದ್ದರೂ 50 ಪಟ್ಟು ಬೇಕು. ಒಂದು ಪೈಪ್ 20 ಅಡಿ. ಅದನ್ನು ಹೊರಗೆ ತರಲು 1,000 ಅಡಿ ಕೈಚೈನ್ ಎಳೆಯಬೇಕು. ಸಾವಿರ ಅಡಿಗೆ 50 ಪೈಪ್. ಒಟ್ಟು 50,000 ಅಡಿ, ಹದಿನೈದು ಕಿಲೋಮೀಟರಿಗೂ ಜಾಸ್ತಿ. ಪೈಪ್ ಒಂದೊಂದಾಗಿ ಹೊರಬಂದ ಹಾಗೆ ಭಾರ ಕಡಿಮೆಯಾಗುತ್ತದೆ ನಿಜ, ಆದರೆ ಚೈನ್ ಪುಲ್ಲಿಗೆ ಗೇರ್ ಬದಲಿಸುವುದು ಗೊತ್ತಿಲ್ಲ. ಕೊನೆಯ ಹಗುರ ಪೈಪಿಗೂ ಅದೇ ಸಾವಿರ ಅಡಿ. ಮೋಟಾರ್ ಎತ್ತುವ ಗಾಡಿಗೆ ಬಾಡಿಗೆ ಕೊಡಲು ಹಿಂದೆಮುಂದೆ ನೋಡುವವರು ಈ ಲೆಕ್ಕವನ್ನು ಒಮ್ಮೆ ಹಾಕಿಕೊಳ್ಳಲಿ. ಇನ್ನೂರು ಮುನ್ನೂರು ಅಡಿ ಬೋರ್, ಹಗುರ ಎಚ್‌ಡಿಪಿಇ ಪ್ಲಾಸ್ಟಿಕ್ ಪೈಪ್ ಇದ್ದರೆ ಮಾತು ಬೇರೆ.

ಬಾಡಿಗೆಗೆ ತರುವಾಗ ಟನ್ ಜೊತೆಗೆ ಎಷ್ಟು ಎತ್ತರಕ್ಕೆ ಎತ್ತುತ್ತದೆ ಅಂತಲೂ ಕೇಳಿ. ಮೂರು ಮೀಟರ್ ಚೈನ್ ಇರುವುದೇ ಸಾಮಾನ್ಯ. ಸಾಲದೆ ಬಂದರೆ ನಡುವೆ ಭಾರವನ್ನು ಕ್ಲಾಂಪ್ ಹಾಕಿ ನಿಲ್ಲಿಸಿ ಮತ್ತೆ ಹಿಡಿಯಬೇಕಾಗುತ್ತದೆ.

ಬೆಣೆ ಮತ್ತು ಚಕ್ರದ ಬಗ್ಗೆ ಎರಡು ಮಾತು

ಬೆಣೆ ಎತ್ತುವುದಕ್ಕಿಂತ ಸೀಳುವುದಕ್ಕೆ ಸರಿ. ಕಲ್ಲು ಒಡೆಯುವವರು ಸಾಲಾಗಿ ತೂತು ಕೊರೆದು, ಬೆಣೆ ಇಟ್ಟು, ಒಂದಾದ ಮೇಲೊಂದರಂತೆ ಸಮವಾಗಿ ಬಡಿಯುತ್ತಾ ಹೋಗುತ್ತಾರೆ. ಆರಿಂಚು ಉದ್ದ, ಒಂದಿಂಚು ದಪ್ಪದ ಬೆಣೆಗೆ ಪುಸ್ತಕದ ಲಾಭ ಆರೇ ಪಟ್ಟು, ಅದರಲ್ಲೂ ತಿಕ್ಕಾಟ ದೊಡ್ಡ ಪಾಲು ನುಂಗುತ್ತದೆ. ಬಂಡೆ ಬಿರಿಯುವುದು ಸುತ್ತಿಗೆಯ ಏಟಿನಿಂದ. ಕ್ಷಣದಲ್ಲಿ ನಿಲ್ಲುವ ಸುತ್ತಿಗೆ ಕೊಡುವ ಬಲ ಅದರ ತೂಕದ ಎಷ್ಟೋ ಪಟ್ಟು ಇರುತ್ತದೆ, ಬೆಣೆ ಅದನ್ನು ಅಡ್ಡಕ್ಕೆ ತಿರುಗಿಸುತ್ತದೆ. ಮನೆ ಮಟ್ಟದಲ್ಲಿ ಬೆಣೆಯ ಉಪಯೋಗ ಇಷ್ಟೇ: ಹಾರೆಯಿಂದ ಎತ್ತಿದ್ದು ವಾಪಸ್ ಬರದಂತೆ ತಡೆಯುವುದು, ಕೂಚದ ಸುತ್ತ ಬಿಗಿ ಮಾಡುವುದು.

ಚಕ್ರ ಮತ್ತು ಅಚ್ಚು ಎರಡೂ ಕಡೆ ಕೆಲಸ ಮಾಡುತ್ತದೆ. ದೊಡ್ಡ ಹಿಡಿ ತಿರುಗಿಸಿ ಚಿಕ್ಕ ದಿಂಡಿಗೆ ಹಗ್ಗ ಸುತ್ತಿಸಿದರೆ ಬಲ ಹೆಚ್ಚುತ್ತದೆ. ಶಿಡ್ಲಘಟ್ಟದ ರೇಷ್ಮೆ ಚರಕದಲ್ಲಿ ಇದು ತಿರುಗುಮುರುಗು: ಅಲ್ಲಿ ಬೇಕಾದ್ದು ವೇಗ. ನೂಲು ಎಳೆಯಲು ಬಲ ಬೇಕಿಲ್ಲ, ಹಾಗಾಗಿ ಬಲವನ್ನು ಬಿಟ್ಟುಕೊಟ್ಟು ಉದ್ದವನ್ನು ಪಡೆಯುತ್ತಾರೆ. ಲಾಭ ಒಂದಕ್ಕಿಂತ ಕಡಿಮೆ ಇದ್ದರೆ ಸಾಧನ ಕೆಟ್ಟದು ಅಂತ ಅಲ್ಲ.

ಹಾಗಾದರೆ ಯಾರಿಗೆ ಯಾವುದು?

ಚರಂಡಿ ಚಪ್ಪಡಿ ಎತ್ತಿ ಕ್ಲೀನ್ ಮಾಡಿ ಮತ್ತೆ ಮುಚ್ಚಬೇಕೇ? ಹಾರೆ, ಎರಡು ಮರದ ತುಂಡು, ಇಬ್ಬರು ಜನ. ಬೇರೇನೂ ಯೋಚಿಸಬೇಡಿ. ಅದೇ ಚಪ್ಪಡಿಯನ್ನು ಹಿತ್ತಲಿಂದ ಮುಂಬಾಗಿಲಿಗೆ ಸಾಗಿಸಬೇಕಾದರೆ ಹಾರೆಯಿಂದ ಎತ್ತಿ ಪೈಪ್ ತುಂಡಿನ ಮೇಲೆ ಕೂರಿಸಿ. ಟ್ರೈಲರ್‌ಗೆ ಏರಿಸಬೇಕಾದರೆ ಅದೇ ಪೈಪ್, ಜೊತೆಗೆ ಹಲಗೆ. ಡ್ರಮ್, ಸಿಮೆಂಟ್ ರಿಂಗ್, ಮರದ ದಿಮ್ಮಿಯಂಥ ಉರುಳುವ ವಸ್ತುವಿಗೆ ಹಲಗೆ ಮತ್ತು ಸುತ್ತು ಹಗ್ಗ. ಮಹಡಿಗೆ ಮರಳು, ಇಟ್ಟಿಗೆ, ಸಿಮೆಂಟ್ ದಿನವಿಡೀ ಹೋಗಬೇಕಾದರೆ ರಾಟೆ. ಗ್ರಿಲ್, ಗೇಟು, ವಿಗ್ರಹದಂಥ ಅಳತೆ ಹಿಡಿದು ಕೂರಿಸುವ ವಸ್ತುವಿಗೆ ಚೈನ್ ಪುಲ್ಲಿ. ವಾಲಿದ ಶೆಡ್ ಕಂಬ ನೇರ ಮಾಡಲು, ಹೂತುಹೋದ ಟ್ರೈಲರ್ ಗಾಲಿ ಎತ್ತಲು ಜಾಕ್. ಕಂಬವನ್ನು ದಿನಗಟ್ಟಲೆ ಹಾಗೇ ಹಿಡಿದಿಡಬೇಕಾದರೆ ತಿರುಪಿನ ಜಾಕೇ ಆಗಬೇಕು.

ಎರಡು ಸಾಧನ ಜೋಡಿಸಿದರೆ ಪಟ್ಟು ಕೂಡುವುದಿಲ್ಲ, ಗುಣಿಸುತ್ತದೆ. ಮೂರು ಪಟ್ಟಿನ ಹಲಗೆಗೆ ನಾಲ್ಕು ಪಟ್ಟಿನ ರಾಟೆ ಸೇರಿಸಿದರೆ ಹನ್ನೆರಡು. ಒಬ್ಬರೇ ಕೆಲಸ ಮಾಡುವವರಿಗೆ ಇದು ದೊಡ್ಡ ಅನುಕೂಲ. ಆದರೆ ಇಂಥ ಕಡೆ ಹಗ್ಗದ ಒಂದು ತುದಿಯಲ್ಲಿ ನಿಮಗೆ ಹಗುರ ಅನಿಸುತ್ತಿರುವಾಗ ಇನ್ನೊಂದು ತುದಿಯ ಕೊಂಡಿ, ಗೂಟ, ಗಂಟು ಪೂರ್ತಿ ಎಳೆತ ತಿನ್ನುತ್ತಿರುತ್ತವೆ. ನಿಮ್ಮ ಕೈಗೆ ಬರುವ 20 ಕೆಜಿ ನೋಡಿ ಗೂಟ ಆರಿಸಬೇಡಿ. ಅಲ್ಲಿ ಬೀಳುವ ಬಲ ಲೆಕ್ಕ ಹಾಕಿ ಆರಿಸಿ.

ಭಾರ ಒಂದು ಟನ್ ಮೀರಿ, ಏಳೆಂಟು ಅಡಿ ಮೇಲೆ ಹೋಗಬೇಕು, ಜೊತೆಗೆ ಪಕ್ಕಕ್ಕೂ ಸರಿಯಬೇಕು ಅಂದರೆ ಈ ಯಾವುದೂ ಬೇಡ, ಹೈಡ್ರಾ ಕ್ರೇನ್ ಕರೆಸಿ. ಫೋನ್ ಮಾಡುವಾಗ ಕಲ್ಲಿನ ಅಳತೆ ಹೇಳಿ, ಘನ ಅಡಿಗೆ 75 ಕೆಜಿ ಲೆಕ್ಕದಲ್ಲಿ ತೂಕ ಹೇಳಿ, ಗಾಡಿ ನಿಲ್ಲುವ ಜಾಗದಿಂದ ಕಲ್ಲು ಎಷ್ಟು ದೂರ ಅಂತಲೂ ಹೇಳಿ. ಕ್ರೇನಿನ ತೋಳು ಕೂಡ ಸನ್ನೆಯೇ. ತೋಳು ಚಾಚಿದಷ್ಟೂ ಅದು ಎತ್ತಬಲ್ಲ ಭಾರ ಕಡಿಮೆ. ಹತ್ತಿರದಲ್ಲಿ ಕರೆಂಟ್ ತಂತಿ ಹಾದುಹೋಗಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ.